ಬೆಣ್ಣೆಕಟ್ಟೆಯ ಮೂರು ಗುರುವಾರ

ಸ್ಕೆಲ್ಬರಿ
12 ಮೇ 2023

ತಮ್ಮಾ ವಿಲ್ಫ್ರೆಡ್,

ಅಕ್ಕ ಫೋನ್ ಯಾಕೆ ಎತ್ತುವುದಿಲ್ಲ ಎಂದು ಹೆಂಡತಿಯ ಕೈಲಿ ಕೇಳಿಸಿದ್ದೀಯ. ಎತ್ತಿದರೆ ನೀನು ಮಾತಾಡುತ್ತೀಯ, ಅದಕ್ಕೆ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಹಾಕುವ ಹಾಗಿಲ್ಲ. ನಲವತ್ತು ವರ್ಷ ನಾರ್ವೆಯ ಮಕ್ಕಳಿಗೆ ಇತಿಹಾಸ ಪಾಠ ಹೇಳಿದವನಿಗೆ ಈ ಶಿಕ್ಷೆ ಆಗಲೇಬೇಕು.

ಊರಿನ ಸುದ್ದಿ ಕೇಳು. ಹಳೆಯ ಬ್ಯಾಂಕು ಕಾಫಿ ಅಂಗಡಿಯಾಯಿತು. ಹಳೆಯ ಕಾಫಿ ಅಂಗಡಿ ಕ್ಷೌರದಂಗಡಿಯಾಯಿತು. ಕ್ಷೌರದಂಗಡಿ ಇದ್ದ ಜಾಗದಲ್ಲಿ ಸತ್ತವರ ಬಟ್ಟೆಬರೆಯನ್ನು ಧರ್ಮಕಾರ್ಯಕ್ಕೆಂದು ಮಾರುವ ಇನ್ನೊಂದು ಅಂಗಡಿ ಬಂದಿದೆ. ಒಟ್ಟಿನಲ್ಲಿ ಈ ಊರಲ್ಲಿ ಮನುಷ್ಯ ಕಾಫಿ ಕುಡಿಯಬಹುದು, ಕೂದಲು ಕತ್ತರಿಸಿಕೊಳ್ಳಬಹುದು, ಸಾಯಬಹುದು. ಮಿಕ್ಕ ಯಾವ ಕೆಲಸಕ್ಕೂ ಬೈಪಾಸ್ ಪಕ್ಕದ ಸೂಪರ್‌ಮಾರ್ಕೆಟ್ಟಿಗೇ ಹೋಗಬೇಕು.

ಗುರುವಾರದ ಸಂತೆಯೆಂದರೆ ಈಗ ನಾನು, ಕರಾವಳಿಯಿಂದ ಮೀನಿನ ವ್ಯಾನು ತರುವ ಡೆಂಜಿಲ್, ಮತ್ತು ಫೋನಿಗೆ ಅಂಗಿ ಹೊಲಿಸಿ ಮಾರುವ ಒಬ್ಬ ಮಹಾನುಭಾವ. ನಿನ್ನೆ ಶ್ರೀಮತಿ ರೊವೀನಾ ಕ್ವಾರ್ಮ್‌ಬಿ ಬಂದಿದ್ದಳು. ಲಂಡನ್ನಿನಲ್ಲಿ ಮನೆ ಮಾರಿ, ಬಂದ ದುಡ್ಡಿನಲ್ಲಿ ಇಲ್ಲಿ ಅರ್ಧ ಬೀದಿ ಕೊಂಡವಳು. ಬಂದ ಮರುವರ್ಷವೇ ಸ್ಕೆಲ್ಬರಿ ಪರಂಪರೆ ಸಮಿತಿ ಕಟ್ಟಿ, ನಮಗೆ ಪರಂಪರೆ ಇದೆಯೆಂದು ನಮಗೇ ತಿಳಿಸಿದವಳು. ಚೌಕದ ನಡುವಿನ ಕಲ್ಲುಕಂಬದ ಮಂಟಪದಲ್ಲಿ, ನಮ್ಮ ಬೆಣ್ಣೆಕಟ್ಟೆಯ ಕೆಳಗೆ, ನಾನು ಚೀಸ್ ಕತ್ತರಿಸುವುದನ್ನು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದಳು.

“ಎಷ್ಟು ಅಸಲಿಯಾಗಿದೀರಿ ನೀವು!” ಅಂದಳು.

“ನಕಲಿ ಮನೇಲಿದೆ ಮೇಡಂ, ಒಗೆಯೋಕೆ ಹಾಕಿದೀನಿ,” ಅಂದೆ.

“ಆದ್ರೆ ಹೆಸ್ಟರ್, ಈ ನೀಲಿ ಟಾರ್ಪಾಲು... ಹದಿಮೂರನೇ ಶತಮಾನದಲ್ಲಿ ಟಾರ್ಪಾಲು ಇತ್ತಾ, ಹೇಳಿ?”

“ಇರಲಿಲ್ಲ. ಅದಕ್ಕೇ ಅವರೆಲ್ಲ ನ್ಯುಮೋನಿಯಾ ಆಗಿ ಹೋದ್ರು.”

ನಕ್ಕಳು. ಚೀಸ್ ಮೂಸಿದಳು. ಸೂಪರ್‌ಮಾರ್ಕೆಟ್ಟಿನ ಚೀಲ ಎತ್ತಿಕೊಂಡು ಹೋದಳು.

ನಿನ್ನಕ್ಕ,
ಹೆಸ್ಟರ್


ಬರ್ಗೆನ್
30 ಮೇ 2023

ಪೂಜ್ಯ ಅಕ್ಕನ ಸನ್ನಿಧಾನಕ್ಕೆ,

ನೀನು ಹಂಗಿಸಿದ ಆ ಸಮಿತಿ ನನಗೂ ಪತ್ರ ಬರೆದಿದೆ ಎಂದು ತಿಳಿಸಲು ಸಂತೋಷಿಸುತ್ತೇನೆ. ‘ಸ್ಕೆಲ್ಬರಿಯ ಇತಿಹಾಸದ ಏಕೈಕ ಅಧಿಕಾರವಾಣಿ’ ಎಂದು ನನ್ನನ್ನು ಕರೆದಿದ್ದಾರೆ. ಎರಡು ಪುಸ್ತಕ ಬರೆದ ಮೇಲೆ, ಅವುಗಳನ್ನು ಊರಿನವರು ಕಿಟಕಿ ಮುಚ್ಚಿಕೊಳ್ಳದಂತೆ ಸಂದಿಗೆ ಸಿಕ್ಕಿಸಿಟ್ಟ ಮೇಲೆ, ಕೊನೆಗೂ ಒಬ್ಬ ಹೊರಗಿನ ಹೆಂಗಸಿಗೆ ಓದಬೇಕೆನಿಸಿತು.

ಈ ಊರಿನ ಇತಿಹಾಸದಲ್ಲಿ ಹೆಮ್ಮೆಪಡುವಂಥದು ಏನಿದೆ ಎಂದು ನೀನು ಕೇಳಬಹುದು. ಏನೂ ಇಲ್ಲ, ಅದೇ ಅದರ ಸೊಗಸು. ಯಾವನೋ ಒಬ್ಬ ರಾಜ ದಾರಿ ತಪ್ಪಿ ಬಂದ, ನಮ್ಮವರು ಹುಳಿತ ಬಿಯರ್ ಕೊಟ್ಟರು, ಅವನು ಇಲ್ಲಿಂದ ಪಾರಾದರೆ ಸಾಕೆಂದು ಸಂತೆಯ ಹಕ್ಕುಪತ್ರಕ್ಕೆ ಮೊಹರು ಒತ್ತಿ ಕುದುರೆ ಹತ್ತಿದ. ಪ್ಲೇಗ್ ಬಂದಾಗ ಅರ್ಧ ಊರು ಸತ್ತಿತು, ಉಳಿದರ್ಧ ಸತ್ತವರ ಮನೆಗೆ ಸಾಮಾನು ಸಾಗಿಸಿತು. ಅಂತರ್ಯುದ್ಧದಲ್ಲಿ ರಾಜನ ಸೈನ್ಯಕ್ಕೂ ಪಾರ್ಲಿಮೆಂಟಿನ ಸೈನ್ಯಕ್ಕೂ ಬಾಗಿಲು ತೆರೆದು ಇಬ್ಬರಿಗೂ ಹುಳ ಬಿದ್ದ ಹಿಟ್ಟನ್ನೇ ಮಾರಿ ನಿಷ್ಪಕ್ಷಪಾತ ಮೆರೆಯಿತು. ರೈಲು ಬರುತ್ತೇನೆಂದಾಗ ಹೊಗೆ ತಾಗಿ ಬೆಣ್ಣೆ ಕೆಡುತ್ತದೆ ಎಂದು ಹಿರಿಯರು ಬೇಡವೆಂದರು. ಅವರ ಮಕ್ಕಳು ರೈಲು ಬರಲಿಲ್ಲವೆಂದು ರಾಣಿಗೆ ಅರ್ಜಿ ಹಾಕಿದರು. ನಾನು ಬರ್ಗೆನ್ನಿಗೆ ಬಂದದ್ದು ಸುಮ್ಮನೆ ಅಲ್ಲ. ಇಲ್ಲೂ ದಿನವಿಡೀ ಮಳೆ. ಆದರೆ ಮಳೆ ಬರುತ್ತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ.

ಇರಲಿ. ಸಮಿತಿ ಸಂತೆಯನ್ನು ಅದರ ಮೂಲರೂಪಕ್ಕೆ ತರುತ್ತದಂತೆ. ಹಳೆಯ ಕಟ್ಟಳೆಗಳಲ್ಲಿ ರಸವತ್ತಾದದ್ದು ಏನಾದರೂ ಇದೆಯೇ ಎಂದು ಕೇಳಿದ್ದರು. ಮೂರು ಗುರುವಾರದ ಕಟ್ಟಳೆ ಬರೆದು ಕಳಿಸಿದೆ. ನಿನಗೆ ಗೊತ್ತಿರುವುದೇ: ಬೆಣ್ಣೆಕಟ್ಟೆಯ ಕೆಳಗಿನ ಜಾಗಕ್ಕೆ ಬಾಡಿಗೆಯಿಲ್ಲ, ಪತ್ರವಿಲ್ಲ, ನಿಂತವರದೇ ಜಾಗ, ಒಂದಾದ ಮೇಲೊಂದು ಮೂರು ಗುರುವಾರ ಅಲ್ಲಿ ವ್ಯಾಪಾರ ನಿಂತರೆ ಜಾಗ ಪುರಸಭೆಗೆ ಸೇರುತ್ತದೆ. ಓದಿ ಶ್ರೀಮತಿ ಕ್ವಾರ್ಮ್‌ಬಿ ಪುಳಕಗೊಂಡರಂತೆ.

ನೀನು ಹಟ ಮಾಡದೆ ಅವರೊಂದಿಗೆ ಸಹಕರಿಸು. ನಿನ್ನನ್ನೇ ನಡುಮಧ್ಯೆ ಕೂರಿಸುತ್ತಾರೆ, ನೋಡುತ್ತಿರು.

ವಿಲ್ಫ್ರೆಡ್


ಸ್ಕೆಲ್ಬರಿ
20 ಜೂನ್ 2023

ತಮ್ಮಾ,

ಇತಿಹಾಸ ಓದಿದೆ. ಕಟ್ಟಳೆಯನ್ನು ಅವರಿಗೆ ಬರೆದು ಕಳಿಸಿದ್ದು ಒಳ್ಳೆಯದಾಯಿತು.

ಕಳೆದ ವಾರ ಆ ಹೆಂಗಸು ಮತ್ತೆ ಬಂದಳು. ನನ್ನ ಮೇಲೆ ಎಲ್ಲಿಲ್ಲದ ಅಕ್ಕರೆ.

“ಹೆಸ್ಟರ್, ನೀವು ರಜೆ ತಗೊಂಡಿದ್ದೇ ನಾನು ನೋಡಿಲ್ಲ. ಸೊಂಟ ಹೇಗಿದೆ?”

“ಇದ್ದಲ್ಲೇ ಇದೆ.”

“ಸ್ಪೇನಿಗೋ ಎಲ್ಲಿಗೋ ಹೋಗಿ ಬನ್ನಿ. ಸಮಿತಿಯಿಂದ ನಾವೇ ಕಳಿಸ್ತೀವಿ. ಒಂದು ವಾರ ಸಾಲದು ಅಂದ್ರೆ ಮೂರು ವಾರ ಇರಿ.”

“ಮೂರೇ ಯಾಕೆ ಮೇಡಂ? ನಾಲ್ಕಾದ್ರೆ ಆಗಲ್ವಾ?”

“ಮೂರು ಸಾಕು,” ಅಂದಳು, ತಕ್ಷಣ.

ಡೆಂಜಿಲ್ ವ್ಯಾನಿನ ಹಿಂದಿನಿಂದ ಕೇಳಿಸಿಕೊಂಡು, “ಅಕ್ಕಾ, ನನ್ನನ್ನೂ ಕಳಿಸ್ತಾರಾ ಕೇಳು, ನನಗೆ ಸೊಂಟ ಎರಡಿದೆ,” ಅಂದ.

ಮಿಕ್ಕಂತೆ ಎಲ್ಲ ಸುಖ. ಮಳೆ ಬರುತ್ತಿದೆ.

ಹೆಸ್ಟರ್


ಬರ್ಗೆನ್
14 ಆಗಸ್ಟ್ 2023

ಅಕ್ಕಾ,

ಜೂನ್ ಕಾಗದದ ನಂತರ ನಿನ್ನದೊಂದು ಸಾಲೂ ಇಲ್ಲ. ಸ್ಪೇನಿಗೆ ಹೋದೆಯಾ? ಹೋಗಿರದಿದ್ದರೆ ಹೋಗು ಮಾರಾಯಿತಿ. ಎಪ್ಪತ್ತು ದಾಟಿದ ಹೆಂಗಸಿಗೆ ಪರವೂರಿನವರು ಪುಕ್ಕಟೆ ಬಿಸಿಲು ಕೊಡಿಸುತ್ತೇವೆ ಅನ್ನುತ್ತಾರೆ, ನೀನು ಅವರ ಮುಖಕ್ಕೆ ಟಾರ್ಪಾಲು ಎಳೆಯುತ್ತೀಯ. ಅಪ್ಪನೂ ಹೀಗೇ. ಉಪಕಾರ ಮಾಡಲು ಬಂದವರನ್ನೆಲ್ಲ ಪೊಲೀಸರಂತೆ ನೋಡುತ್ತಿದ್ದ.

ಅಕ್ಟೋಬರ್ 26ರ ಗುರುವಾರ ‘ಸ್ಕೆಲ್ಬರಿ ಮಧ್ಯಯುಗದ ಮಹಾಸಂತೆ’. ಮುಖ್ಯ ಅತಿಥಿ ಯಾರು ಬಲ್ಲೆಯಾ? ಈ ಬಡಪಾಯಿ. ಬೆಣ್ಣೆಕಟ್ಟೆಯ ಮೆಟ್ಟಿಲ ಮೇಲೆ ನಿಂತು ಭಾಷಣ. ನಲವತ್ತು ವರ್ಷ ನನ್ನನ್ನು ‘ಚೀಸ್ ಅಂಗಡಿಯ ಓದೋ ಹುಡುಗ’ ಎಂದು ಕರೆದ ಊರು ಕೆಳಗೆ ನಿಂತು ಕತ್ತೆತ್ತಿ ಕೇಳಬೇಕು. ನಾನಂತೂ ಕಾಯುತ್ತಿದ್ದೇನೆ.

ನಿನಗೆ ಯಾವ ವೇಷ ಕೊಟ್ಟಿದ್ದಾರೆ? ತಲೆಗೆ ಬಿಳಿಬಟ್ಟೆ ಕಟ್ಟಿಸುತ್ತಾರೆ ಅಂದುಕೊಂಡಿದ್ದೇನೆ. ನಿನಗೆ ಒಪ್ಪುತ್ತದೆ.

ವಿಲ್ಫ್ರೆಡ್


ಸ್ಕೆಲ್ಬರಿ
22 ಸೆಪ್ಟೆಂಬರ್ 2023

ವಿಲ್ಫ್ರೆಡ್,

ಸ್ಪೇನಿಗೆ ಹೋಗಲಿಲ್ಲ. ಹಾಗಾಗಿ ಸ್ಪೇನೇ ಬೇರೆ ದಾರಿ ಹುಡುಕಿಕೊಂಡಿತು.

ನಿನ್ನೆ ಕಂಬಕ್ಕೆ ನೋಟಿಸು ಕಟ್ಟಿದರು. ಚೌಕದ ಕಲ್ಲುಹಾಸು ದುರಸ್ತಿಗಾಗಿ ಅಕ್ಟೋಬರ್ 5, 12, 19, ಮೂರು ಗುರುವಾರ ಬೆಣ್ಣೆಕಟ್ಟೆಯ ಸುತ್ತ ಬೇಲಿ. ಆ ಕಲ್ಲು ಸಡಿಲವಾಗಿ ನನಗೆ ತಿಳಿದಂತೆ ಮೂವತ್ತು ವರ್ಷವಾಯಿತು. ಎಡವಿ ಬಿದ್ದವರು ಕಲ್ಲಿನ ಹತ್ತಿರವೇ ಕ್ಷಮೆ ಕೇಳಿ ಎದ್ದು ಹೋಗುತ್ತಿದ್ದರು, ಯಾರೂ ಮುಟ್ಟಿರಲಿಲ್ಲ. ಪುರಸಭೆಯ ಕಾರ್ಯದರ್ಶಿ ಆಂಬ್ರೋಸ್ ಪಿಮ್‌ನನ್ನು ಕೇಳಿದೆ. ಅವನು ತನ್ನ ಬೂಟು ನೋಡಿಕೊಂಡ.

“ಸಮಿತಿಯವರೇ ಖರ್ಚು ಹಾಕ್ತಿದಾರೆ, ಮಿಸ್ ಲಮ್ಲಿ. ನಾವು ಬೇಡ ಅನ್ನೋಕಾಗುತ್ತಾ?”

“ಆಮೇಲೆ ನನ್ನ ಜಾಗ?”

“ಅದು... ಕಟ್ಟಳೆ ಹೇಗಿದೆಯೋ ಹಾಗೆ. ನಿಮಗೆ ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಲ್ಲಿ ಒಳ್ಳೇ ಜಾಗ ಇಟ್ಟಿದೀವಿ. ಖಾಲಿ ಬಾಟಲಿ ಹಾಕೋ ತೊಟ್ಟಿ ಇದೆಯಲ್ಲ, ಅದರ ಪಕ್ಕ. ಜನ ಬಂದೇ ಬರ್ತಾರೆ.”

“ಬಾಟಲಿ ಎಸೆಯೋಕೆ.”

“ಹೂಂ, ಆದ್ರೂ ಬರ್ತಾರಲ್ಲ,” ಅಂದ.

ಈ ಊರಿನವರ ಮಾತು ಬಿಡು. ‘ನಮ್ಮ ಸಂತೆ ಉಳಿಸಿ’ ಎಂಬ ಅರ್ಜಿಗೆ ಎಲ್ಲರೂ ಸಹಿ ಹಾಕಿದ್ದಾರೆ. ಹಾಳೆ ಇಟ್ಟಿರುವುದು ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ. ಒಳಗೆ ಹೋಗುವಾಗ ಸಹಿ, ಹೊರಗೆ ಬರುವಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚೀಸ್.

ಅಪ್ಪ ನಿಂತ ಜಾಗ ಅದು. ಅವನಪ್ಪನೂ ಅಲ್ಲೇ ನಿಂತಿದ್ದ. ನಾನು ಮದುವೆಯಾಗಲಿಲ್ಲ, ಊರು ಬಿಡಲಿಲ್ಲ, ಓದಲಿಲ್ಲ. ಗುರುವಾರ ಗುರುವಾರ ಅಲ್ಲಿ ನಿಂತೆ. ಕಾರ್ ಪಾರ್ಕಿನಲ್ಲಿ ನಿಲ್ಲುವುದಾದರೆ ನಾನು ಚೀಸ್ ಮಾರುವ ಮುದುಕಿ. ಕಟ್ಟೆಯ ಕೆಳಗಾದರೆ ಹೆಸ್ಟರ್ ಲಮ್ಲಿ. ಇಷ್ಟೇ ವ್ಯತ್ಯಾಸ.

ಭಾಷಣ ಚೆನ್ನಾಗಿ ತಯಾರು ಮಾಡಿಕೋ.

ಹೆಸ್ಟರ್


ಬರ್ಗೆನ್
3 ಅಕ್ಟೋಬರ್ 2023

ಅಕ್ಕಾ,

ನೀನು ವಿಪರೀತ ಮಾಡುತ್ತಿದ್ದೀಯ. ಕಲ್ಲು ರಿಪೇರಿಯಾದರೆ ಲಾಭ ನಿನ್ನ ಸೊಂಟಕ್ಕೇ. ಮೂರು ವಾರ ಮನೆಯಲ್ಲಿ ಕಾಲು ಚಾಚಿ ಟೀ ಕುಡಿ. ಹಳೆಯ ಕಟ್ಟಳೆಯನ್ನು ಈ ಕಾಲದಲ್ಲಿ ಯಾರು ಜಾರಿ ಮಾಡುತ್ತಾರೆ? ಅದು ಓದಿ ಖುಷಿಪಡುವುದಕ್ಕೆ ಇರುವುದು. ಶ್ರೀಮತಿ ಕ್ವಾರ್ಮ್‌ಬಿ ಸುಸಂಸ್ಕೃತ ಹೆಂಗಸು.

ಬಿಡುವಾದಾಗ ತಿಳಿಸು, ಭಾಷಣಕ್ಕೆ ಕಪ್ಪು ಕೋಟು ಸರಿಯೋ ಕಂದು ಕೋಟು ಸರಿಯೋ?

ವಿಲ್ಫ್ರೆಡ್


ಬರ್ಗೆನ್
9 ಅಕ್ಟೋಬರ್ 2023
ತುರ್ತು ಅಂಚೆ

ಅಕ್ಕಾ,

ಕಾರ್ಯಕ್ರಮದ ಪುಸ್ತಿಕೆ ಈಗ ತಾನೇ ಬಂತು. ಒಳಗೆ ಚೌಕದ ನಕ್ಷೆಯಿದೆ. ಬೆಣ್ಣೆಕಟ್ಟೆಯ ಕೆಳಗೆ, ಅಪ್ಪನ ಜಾಗದಲ್ಲಿ, ‘ಮಧ್ಯಯುಗದ ಚೀಸ್‌ಗಾತಿ’ ಎಂದು ಬರೆದು ಕೆಳಗೆ ಪಾತ್ರಧಾರಿಯ ಹೆಸರಿದೆ: ಶ್ರೀಮತಿ ಕ್ವಾರ್ಮ್‌ಬಿಯ ನಾದಿನಿ. ಹವ್ಯಾಸಿ ನಟಿಯಂತೆ. ಚೀಸ್ ಮರದ್ದಂತೆ, ಬಣ್ಣ ಬಳಿದದ್ದು. ಮಳೆಯಲ್ಲಿ ಕೆಡುವುದಿಲ್ಲ ಎಂದು ಬೇರೆ ವಿವರಣೆ. ಕೊನೆಯ ಪುಟದಲ್ಲಿ, ‘ಈ ಜಾಗವನ್ನು ಸಾರ್ವಜನಿಕರಿಗೆ ಮರಳಿಸಲು ದಾರಿ ತೋರಿದ ವಿದ್ವಾಂಸ ವಿಲ್ಫ್ರೆಡ್ ಲಮ್ಲಿ ಅವರಿಗೆ ಕೃತಜ್ಞತೆಗಳು.’

ನಿನಗೆ ಜೂನ್ ತಿಂಗಳಿಂದಲೂ ಗೊತ್ತಿತ್ತು. ಯಾಕೆ ಹೇಳಲಿಲ್ಲ? ‘ಒಳ್ಳೆಯದಾಯಿತು’ ಎಂದು ಬರೆದೆ! ಒಬ್ಬ ಮನುಷ್ಯ ಮೂರ್ಖನಾಗುತ್ತಿರುವಾಗ ಅವನ ಸ್ವಂತ ಅಕ್ಕ ಮಳೆ ಬರುತ್ತಿದೆ ಎಂದು ಬರೆಯುವುದೇ? ತಪ್ಪು ನನ್ನದು ಮಾತ್ರ ಎಂದು ನಾನು ಒಪ್ಪುವುದಿಲ್ಲ. ಆ ಹೆಂಗಸಿನದು, ಪಿಮ್‌ನದು, ಕಾಲು ಭಾಗ ನಿನ್ನದು. ಉಳಿದದ್ದೇನಾದರೂ ಇದ್ದರೆ ನನಗೆ ಹಾಕು.

ಈಗ ಕೇಳು. ಆ ಕಟ್ಟಳೆಗೆ ಇನ್ನರ್ಧವಿದೆ. ಸಪ್ಪೆಯೆಂದು ಸಮಿತಿಗೆ ಬರೆದಿರಲಿಲ್ಲ. ಹಾಗಾಗಿ ಅವರಿಗೆ ಗೊತ್ತಿಲ್ಲ. ಪ್ರವಾಹವೋ ಬೆಂಕಿಯೋ ಆಗಿ ಕಟ್ಟೆಯ ಹತ್ತಿರ ಹೋಗಲಾಗದಿದ್ದರೆ, ಕಟ್ಟೆ ಕಣ್ಣಿಗೆ ಕಾಣುವ ಜಾಗದಲ್ಲಿ ನಿಂತು, ಚರ್ಚಿನ ಮಧ್ಯಾಹ್ನದ ಗಂಟೆಗೆ ಮೊದಲು ಊರಿನ ಒಬ್ಬರಿಗೆ ನಾಣ್ಯಕ್ಕೆ ಸರಕು ಮಾರಿದರೆ ಸಾಕು. ಸಂತೆ ನಡೆದಂತೆ. ಅಂಗಡಿ ಬೇಡ, ಟಾರ್ಪಾಲು ಬೇಡ. ಒಂದೇ ಒಂದು ಮಾರಾಟ. ಪಿಮ್‌ನಿಗೆ ಮೊದಲೇ ಪೂರ್ತಿ ಓದಿಸು. ಅವನು ಹೇಡಿ, ಆದರೆ ಸುಳ್ಳ ಅಲ್ಲ.

ಹೋದ ವಾರ ನೀನು ಮನೆಯಲ್ಲೇ ಇದ್ದೆ ಎಂದು ಬಲ್ಲೆ. ಹನ್ನೆರಡನೇ ತಾರೀಖಿಗೆ ಈ ಕಾಗದ ತಲುಪುವುದಿಲ್ಲ. ಹತ್ತೊಂಬತ್ತು ಉಳಿದಿದೆ. ಹೋಗಿ ನಿಲ್ಲು.

ವಿ.


ಸ್ಕೆಲ್ಬರಿ
20 ಅಕ್ಟೋಬರ್ 2023

ತಮ್ಮಾ,

ಕಾಗದ ಮಂಗಳವಾರ ಬಂತು. ಬುಧವಾರ ಪಿಮ್‌ನಿಗೆ ಓದಿಸಿದೆ. ಅವನು ಕಪಾಟಿನಿಂದ ಕಟ್ಟಳೆಯ ಪುಸ್ತಕ ತೆಗೆದು ತಾನೂ ಓದಿದ, ಬಿಳಿಚಿಕೊಂಡ, “ಹೀಗೂ ಇದೆ,” ಅಂದ. ಆಮೇಲೆ, “ಶ್ರೀಮತಿ ಕ್ವಾರ್ಮ್‌ಬಿಗೆ ನಾನೇ ಹೇಳಬೇಕಾ?” ಅಂದ. “ಕೇಳಿದ್ರೆ ಹೇಳು,” ಅಂದೆ. ಕೇಳದ ಪ್ರಶ್ನೆಗೆ ಉತ್ತರ ಕೊಡದಿರುವುದೇ ಅವನ ನೌಕರಿ, ಆದ್ದರಿಂದ ಅವನಿಗೂ ನೆಮ್ಮದಿಯಾಯಿತು.

ನಿನ್ನೆ ಬೆಳಿಗ್ಗೆ ಗಾಲಿಯಂತೆ ದುಂಡಗಿನ ಒಂದು ಇಡೀ ಚೀಸನ್ನು ಟೀ ತಳ್ಳುಗಾಡಿಯ ಮೇಲಿಟ್ಟುಕೊಂಡು ಹೋಗಿ, ಮನೆ ಮಾರುವ ದಲ್ಲಾಳಿಯ ಅಂಗಡಿಯೆದುರು ಫುಟ್‌ಪಾತಿನಲ್ಲಿ ನಿಂತೆ. ಬೇಲಿಯಾಚೆ ಕಟ್ಟೆ ಚೆನ್ನಾಗಿ ಕಾಣುತ್ತದೆ. ಊರು ಎದುರಿಗೇ ಹಾದುಹೋಯಿತು. “ಗುಡ್ ಮಾರ್ನಿಂಗ್ ಹೆಸ್ಟರ್, ಇನ್ನೂ ಮಾರ್ತಿದೀರಾ, ಎಷ್ಟು ಒಳ್ಳೇದು!” ಎಂದು ಪ್ರತಿಯೊಬ್ಬರೂ ನನ್ನನ್ನು ಹೊಗಳಿ ಬೈಪಾಸ್ ಬಸ್ಸು ಹತ್ತಿದರು. ಹೊಗಳಿಕೆಯನ್ನು ತೂಕಕ್ಕೆ ಕೊಳ್ಳುವಂತಿದ್ದರೆ ನಾನು ಶ್ರೀಮಂತೆ.

ಗಂಟೆ ಹತ್ತು ದಾಟಿತು. ಗಾಳಿ ಜೋರಾಗಿತ್ತು. ಮುಖ ತಪ್ಪಿಸಲು ದಲ್ಲಾಳಿಯ ಬಾಗಿಲ ಕಡೆ ತಿರುಗಿ ನಿಂತೆ. ಇಷ್ಟೇ ನಾನು ಮಾಡಿದ್ದು, ದೇವರಾಣೆ. ಸ್ವಲ್ಪ ಹೊತ್ತಿಗೆ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಮುದುಕ ಗಿಫರ್ಡ್ ನಿಂತಿದ್ದಾನೆ. ಅವನ ಹಿಂದೆ ಅಂಚೆ ಕಚೇರಿಯ ಹೆಂಗಸು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಒಬ್ಬಳು ನಿಂತಿದ್ದಾಳೆ ಎಂದರೆ ಏನೋ ಕೊಡುತ್ತಾರೆ ಎಂದೇ ಅರ್ಥ. ಏನೆಂದು ಕೇಳುವುದು ಮರ್ಯಾದೆಯಲ್ಲ. ನಿಂತುಬಿಟ್ಟಿದ್ದಾರೆ.

“ಏನ್ ಗಿಫರ್ಡ್, ಯಾಕೆ ನಿಂತೆ?”

“ಫ್ಲೂ ಚುಚ್ಚುಮದ್ದಲ್ವಾ?”

“ಚೀಸ್.”

“ಓ,” ಅಂದ. ಹೋಗಲಿಲ್ಲ. ಹಿಂದೆ ಅಷ್ಟು ಜನ ಇರುವಾಗ ಹೇಗೆ ಹೋಗುವುದು?

ನಾನು ಗಾಡಿಯ ಆಚೆ ಬಂದು ಅವರಿಗೆ ಎದುರಾಗಿ ನಿಂತೆ. ಸಾಲು ದಲ್ಲಾಳಿಯ ಮೂಲೆ ತಿರುಗಿ ಚರ್ಚಿನ ಗೋಡೆಯುದ್ದಕ್ಕೂ ಬೆಳೆದಿತ್ತು. ರಸ್ತೆ ಕೆಲಸದವರು ಗುದ್ದಲಿ ಕೆಳಗಿಟ್ಟು, ಸಾಲು ಮುರಿಯದಂತೆ ತಮ್ಮ ಬೇಲಿಯನ್ನೇ ಹಿಂದೆ ಸರಿಸಿ ಜಾಗ ಮಾಡಿಕೊಟ್ಟರು. ರಾಜನಿಗೂ ಈ ಊರು ಇಷ್ಟು ಮರ್ಯಾದೆ ಕೊಟ್ಟಿರಲಿಕ್ಕಿಲ್ಲ.

ಆದರೆ ಕೊಳ್ಳುವುದೆಂದರೆ! ಗಿಫರ್ಡನಿಗೆ ಹಾಲು ಆಗುವುದಿಲ್ಲ. ಅಂಚೆಯವಳ ಹತ್ತಿರ ಕಾರ್ಡಷ್ಟೇ ಇದೆ. “ಸಾರಿ ಹೆಸ್ಟರ್, ಇತ್ತೀಚೆಗೆ ದುಡ್ಡು ಯಾರು ಇಟ್ಕೋತಾರೆ ಹೇಳಿ?” ಅವಳ ಹಿಂದಿನವನಿಗೂ ಸಾರಿ. ಅವನ ಹಿಂದಿನವಳಿಗೆ ಬಹಳವೇ ಸಾರಿ. ಒಬ್ಬ ಕೊಳ್ಳದ ನಾಚಿಕೆಗೆ ಮತ್ತೆ ಹೋಗಿ ಸಾಲಿನ ಕೊನೆಗೆ ನಿಂತ. ಕ್ಷಮೆಯೊಂದನ್ನು ಬಿಟ್ಟು ಈ ಊರಿನ ಜೇಬಿನಲ್ಲಿ ಏನೂ ಇಲ್ಲ, ತಮ್ಮಾ. ಚರ್ಚಿನ ಗಡಿಯಾರ ಹನ್ನೆರಡರ ಕಡೆ ಹತ್ತುತ್ತಿತ್ತು. ಒರೆಸಿದ್ದ ಚಾಕುವನ್ನೇ ಮತ್ತೆ ಮತ್ತೆ ಒರೆಸಿದೆ. ಸ್ವಚ್ಛತೆಗೆ ಎಂದು ಬರೆಯುತ್ತೇನೆ, ನೀನೂ ಹಾಗೇ ಓದಿಕೋ.

ಆಗ ಮೂಲೆ ತಿರುಗಿ ಒಂದು ಹಸಿರು ಟೋಪಿ ಕಾಣಿಸಿತು. ಶ್ರೀಮತಿ ಕ್ವಾರ್ಮ್‌ಬಿ! ಚರ್ಚಿನ ಗೋಡೆಯ ಹತ್ತಿರ ಸಾಲು ಕಂಡಿದ್ದಾಳೆ, ಊರವರ ಜೊತೆ ಊರವಳಾಗುವ ಆಸೆ, ಏನಕ್ಕೆಂದು ಕೇಳದೆ ಸೇರಿಕೊಂಡಿದ್ದಾಳೆ. ಮೂಲೆ ದಾಟಿದ ಮೇಲೆ ಅವಳಿಗೆ ನಾನು ಕಂಡೆ. ಅಷ್ಟು ಹೊತ್ತಿಗೆ ಅವಳ ಹಿಂದೆ ಇಡೀ ಸ್ಕೆಲ್ಬರಿ ನಿಂತಿದೆ. ಬಿಟ್ಟು ಹೋಗಲು ಒಂದು ಹೆಜ್ಜೆ ಪಕ್ಕಕ್ಕಿಟ್ಟಳು.

“ಹೋಗ್ತಿದೀರಾ ಮೇಡಂ?” ಅಂದ ಹಿಂದಿನವನು, ಬಹಳ ನಯವಾಗಿ. “ಇಷ್ಟು ಹೊತ್ತು ನಿಂತು?”

ಎಂಟು ವರ್ಷದಿಂದ ಈ ಊರಿನವಳಾಗಲು ಒದ್ದಾಡುತ್ತಿರುವ ಹೆಂಗಸು. ಸಾಲು ಬಿಟ್ಟರೆ ಲಂಡನ್ನಿನವಳಾಗಿಯೇ ಸಾಯಬೇಕು. ಹೆಜ್ಜೆ ವಾಪಸ್ ಇಟ್ಟಳು. ಅವಳ ಸರದಿ ಬಂತು.

“ಹೆಸ್ಟರ್!” ಅಂದಳು, ಆಸ್ಪತ್ರೆಯಲ್ಲಿ ರೋಗಿಯನ್ನು ಮಾತಾಡಿಸುವ ದನಿಯಲ್ಲಿ. “ಇಲ್ಲೂ ನಿಂತಿದೀರಲ್ಲ, ಪಾಪ. ಕೊನೇ ಸಲ ಅಂತಾನಾ?”

“ಹಾಗೇ ಅಂದ್ಕೊಳ್ಳಿ ಮೇಡಂ. ಏನ್ ಕೊಡಲಿ?”

“ನನ್ನ ಹತ್ರ ಕಾರ್ಡು...” ಹಿಂದೆ ಇಡೀ ಊರು ಒಮ್ಮೆ ಕೆಮ್ಮಿತು. ಅವಳ ಕೆನ್ನೆ ಕೆಂಪಾಯಿತು. ಕೋಟಿನ ಜೇಬು ತಡಕಿದಳು. ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯ ಬೀಗಕ್ಕೆ ಸಿಕ್ಕಿಸಲು ಇಟ್ಟುಕೊಂಡಿದ್ದ ಒಂದು ಪೌಂಡ್ ನಾಣ್ಯ ಸಿಕ್ಕಿತು. “ಇದಕ್ಕೆಷ್ಟು ಬರತ್ತೋ ಅಷ್ಟು. ನೆನಪಿಗೆ ಇರಲಿ.”

ಕತ್ತರಿಸಿದೆ, ಸುತ್ತಿದೆ, ಕೊಟ್ಟೆ. ನಾಣ್ಯ ನನ್ನ ಅಂಗೈಗೆ ಬಿತ್ತು. ಗಡಿಯಾರ ಹನ್ನೆರಡು ಹೊಡೆಯಿತು. ಸಾಲಿನಲ್ಲಿ ಅವಳ ಹಿಂದೆ ನಾಲ್ಕನೆಯವನಾಗಿ ಪಿಮ್ ನಿಂತಿದ್ದ. (ಅವನಿಗೂ ಚುಚ್ಚುಮದ್ದು ಬೇಕಿತ್ತಂತೆ.)

“ಮಿಸ್ಟರ್ ಪಿಮ್, ಇದು ಮಾರಾಟವೋ ಅಲ್ವೋ?” ಅಂದೆ.

ಪಿಮ್ ಬೂಟು ನೋಡಿಕೊಂಡ. ಆಮೇಲೆ ಕತ್ತೆತ್ತಿದ. “ಮಾರಾಟ, ಮಿಸ್ ಲಮ್ಲಿ. ಸಂತೆ ನಡೆದಿದೆ. ಜಾಗ ನಿಮ್ಮದೇ.”

ಶ್ರೀಮತಿ ಕ್ವಾರ್ಮ್‌ಬಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕೈಯಲ್ಲಿದ್ದ ಪೊಟ್ಟಣವನ್ನು ಹಾವು ಹಿಡಿದಂತೆ ಹಿಡಿದು, “ನನಗೆ ಇದು ವಾಪಸ್ ಕೊಡಬೇಕು,” ಅಂದಳು.

“ಕೊಡಬಹುದು ಮೇಡಂ,” ಅಂದ ಗಿಫರ್ಡ್. “ಸಾಲಿನ ಕೊನೆಗೆ ಹೋಗಿ ನಿಲ್ಲಿ.”

ಹೆಸ್ಟರ್


ಬರ್ಗೆನ್
30 ಅಕ್ಟೋಬರ್ 2023

ಅಕ್ಕಾ,

ಮುಖ್ಯ ಅತಿಥಿಯ ಪಟ್ಟವನ್ನು ಬಿಟ್ಟುಕೊಟ್ಟೆ. ಕೋಟನ್ನು ಕಪಾಟಿಗೆ ಹಾಕಿದೆ. ನಿನ್ನ ಕಾಗದವನ್ನು ಹೆಂಡತಿಗೆ ಓದಿ ಹೇಳಿದೆ; ನಾರ್ವೆಯವರಿಗೆ ನಗು ಕಡಿಮೆ, ಆದರೂ ನಕ್ಕಳು. ‘ಅವಳು ಚುಚ್ಚುಮದ್ದನ್ನೂ ಮಾರಬಹುದಿತ್ತಲ್ಲ’ ಅಂದಳು.

ಆ ಊರಿನ ಬಗ್ಗೆ ನಾನು ಬರೆದದ್ದೆಲ್ಲ ನಿಜವೆಂದೇ ಈಗಲೂ ನಂಬಿದ್ದೇನೆ. ಅವರು ಮೂರ್ಖರು, ಸೋಮಾರಿಗಳು, ಒಂದು ತುಂಡು ಚೀಸ್ ಕೊಳ್ಳಲೂ ಸಾಲಿನ ಬಲವಂತ ಬೇಕಾದವರು. ಆದರೆ ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಬಾಯಿಗೆ ಅಪ್ಪನ ಚೀಸಿನ ರುಚಿ ಬಂತು. ಇಲ್ಲಿನದು ಕಂದು ಬಣ್ಣದ್ದು, ಸಿಹಿ. ಚೀಸ್ ಎಂದು ಕರೆಯುವುದೇ ತಪ್ಪು. ಅರ್ಧ ಪೌಂಡ್ ತೂಕದ್ದು ಕಟ್ಟಿ ಅಂಚೆಗೆ ಹಾಕುತ್ತೀಯಾ? ನಿನ್ನ ತಮ್ಮನಿಗೆ ಅಷ್ಟು ಮಾಡು.

ವಿಲ್ಫ್ರೆಡ್


ಸ್ಕೆಲ್ಬರಿ
10 ನವೆಂಬರ್ 2023

ತಮ್ಮಾ,

ಅವರ ಮಧ್ಯಯುಗ ಕಾರ್ ಪಾರ್ಕಿನಲ್ಲಿ, ಬಾಟಲಿ ತೊಟ್ಟಿಯ ಪಕ್ಕ ನಡೆಯಿತು. ಜನ ಬಂದರು, ಬಾಟಲಿ ಎಸೆದರು, ಹೋದರು. ಬೇಲಿ ತೆಗೆದಿದ್ದಾರೆ. ಕಲ್ಲುಗಳೆಲ್ಲ ಸಮವಾಗಿ ಕೂತಿವೆ. ಎಡವಲು ಏನೂ ಇಲ್ಲದೆ ಊರಿನವರು ಗಾಬರಿಯಾಗಿದ್ದಾರೆ. ನಾನು ಟಾರ್ಪಾಲು ಕಟ್ಟಿ ನಿಂತಿದ್ದೇನೆ. ನಿನ್ನೆ ಮೂವರು ಕೊಂಡರು. ಒಬ್ಬಳು ಅಂಚೆಯವಳು, ನಾಣ್ಯ ತಂದಿದ್ದಳು. ಇನ್ನಿಬ್ಬರ ಹೆಸರು ಬರೆದರೆ ನೀನು ಅವರ ಮೇಲೂ ಪುಸ್ತಕ ಬರೆಯುತ್ತೀಯ.

ಚೀಸ್ ಕಳಿಸುವುದಿಲ್ಲ.

ಈ ಸಂತೆಯ ಬಗ್ಗೆ ಎರಡು ಪುಸ್ತಕ ಬರೆದಿದ್ದೀಯ, ಭಾಷಣಕ್ಕೂ ಸಿದ್ಧನಾಗಿದ್ದೆ. ಹುಟ್ಟಿದಾಗಿನಿಂದ ಇಲ್ಲಿ ಒಂದು ತುಂಡನ್ನೂ ದುಡ್ಡು ಕೊಟ್ಟು ಕೊಂಡವನಲ್ಲ. ಮೊದಲು ಅಪ್ಪ ಕೊಟ್ಟ, ಆಮೇಲೆ ನಾನು ಕಟ್ಟಿ ಕಳಿಸಿದೆ. ಇಲ್ಲಿಯವರನ್ನು ನೀನು ಬಯ್ಯುವ ಅಷ್ಟೂ ಮಾತಿಗೆ ನೀನೂ ಇಲ್ಲಿಯವನೇ.

ಬೇಕಾದರೆ ಬಾ. ಗುರುವಾರ, ಹನ್ನೆರಡರ ಒಳಗೆ. ನಾಣ್ಯ ತಾ. ಯಾರ ತಮ್ಮನೆಂದೂ ಯಾರಿಗೂ ಹೇಳಬೇಡ. ನನ್ನ ಹತ್ತಿರವಂತೂ ಹೇಳಲೇಬೇಡ. ಮುಂದೆ ಯಾರಾದರೂ ಇದ್ದರೆ ಅವರ ಹಿಂದೆ ನಿಲ್ಲು. ಯಾರೂ ಇರದಿದ್ದರೆ, ವಿಲ್ಫ್ರೆಡ್, ನೀನೇ ಮೊದಲು ನಿಲ್ಲು. ಉಳಿದವರು ಬರುತ್ತಾರೆ.

ಹೆಸ್ಟರ್